ರಸೆಲ್ ಮಾರುಕಟ್ಟೆಯೂ ಹಾವಿನ ಊಟವೂ

ನಮ್ಮ ತಂದೆಯವರ ಕಾಲದಲ್ಲಿ ಪೇಟೆಯಿಂದ ದಂಡಿಗೆ ಹೋಗುವುದೆಂದರೆ ಹೆಚ್ಚುಕಡಿಮೆ ಪರಸ್ಥಳಕ್ಕೆ ಹೋಗಿ ಬಂದಂತೆ. ೧೮೦೯ರಲ್ಲಿ ಹಲಸೂರಿನ ಬಳಿ ಬೀಡುಬಿಟ್ಟ ಇಂಗ್ಲಿಷರ ಸೈನ್ಯದ ಸುತ್ತ ಬೆಳೆದ ಆ ಊರು ಮೈಸೂರು ಸರ್ಕಾರದ ಕೈಗೆ ಮರಳಿದ್ದು ೧೯೪೭ರಲ್ಲಿ. ಎರಡು ಊರುಗಳು ಒಂದೇ ಕಾರ್ಪೊರೇಷನ್ ಆದದ್ದು ಅದಕ್ಕೂ ಎರಡು ವರ್ಷಗಳ ಮೇಲೆ. ನಕ್ಷೆಯಲ್ಲಿ ಒಂದಾದವೆಂದು ಮನಸ್ಸಿನಲ್ಲಿ ಒಂದಾಗಬೇಕೆ? "ದಂಡಿಗೆ ಹೋಗಿದ್ದೆ" ಎಂದು ಹೇಳುವಾಗ ನಮ್ಮ ಹಿರಿಯರ ದನಿಯಲ್ಲಿ ಕೊಂಚ ಗತ್ತು ಇರುತ್ತಿತ್ತು. ಆ ಗತ್ತಿಗೆ ಸಾಕ್ಷಿಯಾಗಿ ಅವರು ತರುತ್ತಿದ್ದುದು ರಸೆಲ್ ಮಾರುಕಟ್ಟೆಯ ಹಣ್ಣು, ಇಲ್ಲವೆ ನಮಗೆ ಹೆಸರು ತಿಳಿಯದ ಯಾವುದೋ ಸೀಮೆ ತರಕಾರಿ.

ನಾನೂ ಆ ಪದ್ಧತಿಯನ್ನು ಬಿಟ್ಟವನಲ್ಲ. ವಯಸ್ಸಾದ ಮೇಲೆಯೂ ತಿಂಗಳಿಗೊಮ್ಮೆ ಶಿವಾಜಿನಗರದ ಬಸ್ಸು ಹಿಡಿದು, ಸೇಂಟ್ ಮೇರಿ ಬಸಿಲಿಕಾದ ಎತ್ತರದ ಗೋಪುರವನ್ನು ಗುರುತಾಗಿಟ್ಟುಕೊಂಡು ಅಲ್ಲಿಗೆ ಹೋಗುತ್ತೇನೆ. ನಮ್ಮದು ಸಸ್ಯಾಹಾರದ ಮನೆ. ಹೀಗಾಗಿ ಹೂವು, ಹಣ್ಣು, ತರಕಾರಿಯ ಸಾಲುಗಳಲ್ಲಿ ತಿರುಗಾಡಿ, ಮೀನಿನ ವಾಸನೆ ಮೂಗಿಗೆ ತಾಕುವ ತಿರುವಿನಲ್ಲಿ ಹಿಂದಕ್ಕೆ ಹೊರಳುವುದು ನನ್ನ ರೂಢಿ. ಅಂಥ ನಾನು ಹೋದ ವರ್ಷ ಒಂದು ದಿನ ಮೀನಿನ ಸಾಲಿನಲ್ಲಿಯೇ ಒಂದು ಗಂಟೆ ನಿಂತೆ. ಕಾರಣ ಒಂದು ಹಾವು.

ನನ್ನ ತಂಗಿಯ ಮಗಳ ಸಂಸಾರ ಅಮೆರಿಕದ ಮಿನ್ನೆಸೋಟ ಪ್ರಾಂತದಲ್ಲಿದೆ. ಅವಳ ಮಗನಿಗೆ ಹನ್ನೆರಡು ವರ್ಷ. ಮನೆಮಾತು ಕನ್ನಡ, ಮಿಕ್ಕೆಲ್ಲ ಅಲ್ಲಿಯದೇ. ಆ ದೇಶದ ಹುಡುಗರು ನಾಯಿ, ಬೆಕ್ಕು, ಮೊಲಗಳನ್ನು ಸಾಕುವಂತೆ ಹಾವನ್ನೂ ಸಾಕುತ್ತಾರೆ. ನಮ್ಮ ಹುಡುಗನೂ ತಾಯಿಯನ್ನು ಕಾಡಿ ಬೇಡಿ ಒಂದು ಗಾರ್ಟರ್ ಹಾವನ್ನು ಮನೆಗೆ ತಂದಿದ್ದ. ಒಂದು ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಅವನ ಧ್ವನಿ ನಡುಗುತ್ತಿತ್ತು. "ತಾತ, ನನ್ನ ಹಾವಿಗೆ ಹುಷಾರಿಲ್ಲ. ಮೈಯೆಲ್ಲ ತಿರುಚಿಕೊಳ್ಳುತ್ತೆ, ಬೆನ್ನು ಕೆಳಗಾಗಿ ಬಿದ್ದರೆ ಹೊರಳೋದಕ್ಕೇ ಆಗಲ್ಲ. ನೀವು ಹಾವಿನ ವಿಷಯ ಓದಿದ್ದೀರಲ್ಲ, ಏನು ಮಾಡಲಿ?"

ನಾನು ಹಾವಿನ ವಿಷಯ ಓದಿದವನು ನಿಜ; ಹಾವಿಗೆ ಔಷಧ ಕೊಟ್ಟವನಲ್ಲ. "ಮೊದಲು ಡಾಕ್ಟರ ಹತ್ತಿರ ತೊಗೊಂಡು ಹೋಗು ಮರಿ" ಎಂದೆ. ಬಳಿಕ ಸುಮ್ಮನಿರಲಾರದೆ, "ಅದಕ್ಕೆ ಊಟಕ್ಕೆ ಏನು ಹಾಕುತ್ತಾ ಇದ್ದೆ?" ಎಂದು ಕೇಳಿದೆ.

"ಚಿನ್ನದ ಮೀನು. ಅಂಗಡೀಲಿ ತುಂಬ ಅಗ್ಗ. ಏಳು ತಿಂಗಳಿಂದ ಅದೇ. ಇಷ್ಟಪಟ್ಟು ತಿನ್ನುತ್ತೆ ತಾತ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನ ರಸೆಲ್ ಮಾರುಕಟ್ಟೆಯ ಹತ್ತಿರ ಬಣ್ಣದ ಮೀನುಗಳನ್ನು ನೀರುತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ತೂಗುಹಾಕಿದ್ದ ಅಂಗಡಿಯೊಂದನ್ನು ಕಂಡಾಗ, ಇದೇನು, ಒಂದು ಜೀವಕ್ಕೆ ಇಷ್ಟವಾದ ಊಟವೇ ಅದರ ಜೀವಕ್ಕೆ ಮುಳುವಾಗುವುದುಂಟೆ ಎಂದು ಯೋಚಿಸುತ್ತಾ ನಿಂತೆ.

ಮಾರುಕಟ್ಟೆಯ ಹೆಸರಿನಿಂದಲೇ ಹೊರಡೋಣ. ಹಾವುಗಳ ಹೆಸರು ಬಲ್ಲವರು ರಸೆಲ್ ಎಂದೊಡನೆ ನಮ್ಮ ಕೊಳಕುಮಂಡಲವನ್ನು ನೆನೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ರಸೆಲ್ಸ್ ವೈಪರ್. ಹಾಗಾಗಿ ಮಾರುಕಟ್ಟೆಯ ರಸೆಲ್ಲನೂ ಹಾವಿನ ರಸೆಲ್ಲನೂ ಒಬ್ಬನೇ ಎಂದು ವಾದಿಸುವವರನ್ನು ನಾನೇ ಕಂಡಿದ್ದೇನೆ. ಅಲ್ಲ. ಮಾರುಕಟ್ಟೆಗೆ ಹೆಸರು ಕೊಟ್ಟವನು ದಂಡಿನ ಪುರಸಭೆಯ ಕಮಿಷನರಾಗಿದ್ದ ಟಿ. ಬಿ. ರಸೆಲ್. ಕಟ್ಟಡ ಎದ್ದದ್ದು ೧೯೨೭ರಲ್ಲಿ. ವ್ಯಾಪಾರಿ ಇಸ್ಮಾಯಿಲ್ ಸೇಟರ ಕೈಯಿಂದ ಅದರ ಪ್ರಾರಂಭೋತ್ಸವವಾದದ್ದು ೧೯೩೩ರಲ್ಲಿ. ನಮ್ಮ ನಾಡಿನ ಕಮಾನು ಗೋಪುರಗಳನ್ನು ಇಂಗ್ಲಿಷ್ ದರ್ಜಿಯೊಬ್ಬ ಅಳತೆ ತೆಗೆದು ಹೊಲಿದಂಥ ಕಟ್ಟಡ ಅದು. ೨೦೧೨ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದರೂ ಮುಂಭಾಗ ನಿಂತೇ ಇತ್ತು.

ಹಾವಿನ ರಸೆಲ್ ಬೇರೆ. ಅವನು ಒಂದೂವರೆ ಶತಮಾನ ಹಿಂದಿನವನು. ಎಡಿನ್‌ಬರೋದಲ್ಲಿ ಹುಟ್ಟಿದ ಪ್ಯಾಟ್ರಿಕ್ ರಸೆಲ್ ವೃತ್ತಿಯಿಂದ ವೈದ್ಯ. ಸಿರಿಯಾ ಸೀಮೆಯ ಅಲೆಪ್ಪೊ ನಗರದಲ್ಲಿ ಪ್ಲೇಗಿನ ನಡುವೆ ದುಡಿದಿದ್ದವನು, ೧೭೮೦ರ ದಶಕದ ಮೊದಲಲ್ಲಿ ತಮ್ಮನೊಡನೆ ವಿಶಾಖಪಟ್ಟಣಕ್ಕೆ ಬಂದ. ಮುಂದೆ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕರ್ನಾಟಿಕ್ ಪ್ರಾಂತದ ನಿಸರ್ಗಶಾಸ್ತ್ರಜ್ಞನಾಗಿ ನೇಮಿಸಿತು. ತೆಲುಗರ ಬಾಯಿಂದ ಹಾವುಗಳ ಹೆಸರನ್ನು ಕೇಳಿ, ಚಿತ್ರದ ಜೊತೆಗೆ ಅದೇ ಹೆಸರನ್ನು ಅಚ್ಚುಹಾಕಿಸಿ, ಕೋರಮಂಡಲ ತೀರದ ಹಾವುಗಳ ಮೇಲೆ ಅವನು ತಂದ ದೊಡ್ಡ ಗ್ರಂಥ ೧೭೯೬ರಲ್ಲಿ ಹೊರಬಿತ್ತು. ಮರುವರ್ಷ ಲಂಡನ್ನಿನಲ್ಲಿ ಕೊಳಕುಮಂಡಲಕ್ಕೆ ಅವನ ಹೆಸರಿಟ್ಟರು.

ಅವನ ಕಾಳಜಿ ಒಂದೇ: ಯಾವ ಹಾವು ವಿಷದ್ದು, ಯಾವುದು ಅಲ್ಲ. ಕೋಳಿಗಳನ್ನೂ ನಾಯಿಗಳನ್ನೂ ಹಾವಿನಿಂದ ಕಚ್ಚಿಸಿ, ಅವು ಎಷ್ಟು ಹೊತ್ತಿಗೆ ಸತ್ತವು ಎಂದು ಬರೆದಿಟ್ಟ. ಇದರಲ್ಲಿ ಅವನನ್ನು ದೂರುವಂಥದ್ದೇನೂ ಇಲ್ಲ. ಮನುಷ್ಯ ಹಾವಿನ ವಿಷಯದಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ. ಕಚ್ಚುವ ಬಾಯಿ ಉಣ್ಣುವ ಬಾಯಿಯೂ ಹೌದೆಂಬುದು ನೆನಪಾಗಲು ಬಹಳ ಕಾಲ ಹಿಡಿಯಿತು. ಹಾವಿನ ಹೊಟ್ಟೆಯ ಕಡೆಗೆ ಶ್ರದ್ಧೆಯಿಂದ ಗಮನಕೊಟ್ಟ ಫ್ರಾಂಕ್ ವಾಲ್ ಇಪ್ಪತ್ತನೆಯ ಶತಮಾನದವನು. ಇಂಡಿಯನ್ ಮೆಡಿಕಲ್ ಸರ್ವಿಸಿನ ಆ ಸೈನ್ಯವೈದ್ಯ ಊರೂರಿಗೆ ವರ್ಗವಾದಂತೆಲ್ಲ ಸತ್ತ ಹಾವುಗಳನ್ನು ಕೊಯ್ದು, ಒಳಗೆ ಕಪ್ಪೆಯೋ ಇಲಿಯೋ ಮೀನೋ ಎಂದು ನೋಡಿ, ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸುತ್ತ ಹೋದ.

ನಮ್ಮವರೂ ಈ ವಿಷಯದಲ್ಲಿ ಮುಂದಿದ್ದರೆಂದು ಹೇಳಲಾರೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಹಾವಿನ ಹೆಸರುಗಳಲ್ಲಿ 'ಪವನಾಶನ' ಎಂಬುದು ನೆನಪಿರಬೇಕು. ಗಾಳಿಯನ್ನು ಉಣ್ಣುವವನು ಎಂದರ್ಥ. ಕವಿಗಳಿಗೆ ಇದು ಬಲು ಒದಗಿತು. ಆದರೆ ಈ ಹೆಸರು ಬರಿಯ ಕವಿಕಲ್ಪನೆಯಲ್ಲ. ಹಿಂದೆ ಒಂದು ಅನುಭವವಿದೆ. ಹಾವು ತನ್ನ ಮೈಯ ಶಾಖವನ್ನು ಊಟದಿಂದ ಹುಟ್ಟಿಸಿಕೊಳ್ಳಬೇಕಾಗಿಲ್ಲ, ಬಿಸಿಲಿನಿಂದ ಪಡೆಯುತ್ತದೆ. ಆದುದರಿಂದ ಅಷ್ಟೇ ತೂಕದ ಇಲಿಗೆ ಬೇಕಾದ ಆಹಾರದಲ್ಲಿ ಅದಕ್ಕೆ ಅಲ್ಪಭಾಗ ಸಾಕು. ಹೆಬ್ಬಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಹಾವಾಡಿಗನ ಬುಟ್ಟಿಯಲ್ಲಿ ವಾರಗಟ್ಟಲೆ ಏನನ್ನೂ ತಿನ್ನದೆ ಹೆಡೆಯೆತ್ತಿ ಆಡುವ ನಾಗರವನ್ನು ಕಂಡವರು, ಇದು ಗಾಳಿಯನ್ನೇ ತಿಂದಿರಬೇಕು ಎಂದುಕೊಂಡದ್ದರಲ್ಲಿ ಆಶ್ಚರ್ಯವೇನು?

ಗಾಳಿಯ ನಂತರ ಹಾಲು. ಶ್ರಾವಣದ ಪಂಚಮಿಯಂದು ಹುತ್ತಕ್ಕೆ ತನಿ ಎರೆಯುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ನನ್ನ ತಾಯಿ ಎರೆಯುತ್ತಿದ್ದರು, ನನ್ನ ಮನೆಯಾಕೆಯೂ ಎರೆಯುತ್ತಾಳೆ. ಭಕ್ತಿಯ ಮಾತು ಬೇರೆ. ಹಾಲು ಮಾತ್ರ ಹಾವಿನ ಆಹಾರವಲ್ಲ. ಹಾಲೂಡುವ ಪ್ರಾಣಿಯೂ ಅದಲ್ಲ, ಹಾಲನ್ನು ಅರಗಿಸುವ ಶಕ್ತಿಯೂ ಅದಕ್ಕಿಲ್ಲ. ಹಬ್ಬದ ದಿನ ಬುಟ್ಟಿಯ ಹಾವು ಬಟ್ಟಲಿಗೆ ಬಾಯಿಡುವುದು ಏಕೆಂದರೆ, ಅದಕ್ಕೆ ಹಿಂದಿನ ದಿನಗಳಲ್ಲಿ ನೀರು ಕೊಟ್ಟಿರುವುದಿಲ್ಲ. ಬಾಯಾರಿದ ಜೀವ ಎದುರಿಗೆ ಇಟ್ಟ ದ್ರವವನ್ನು ಕುಡಿಯುತ್ತದೆ. ಅದು ನೀರಡಿಕೆ; ನಾವು ಅದನ್ನು ರುಚಿ ಎಂದು ತಿಳಿದುಕೊಂಡೆವು.

ಇನ್ನು ನಮ್ಮ ಹುಡುಗನ ಹಾವಿಗೆ ಬರೋಣ. ಗಾರ್ಟರ್ ಎಂದರೆ ಕಾಲುಚೀಲ ಜಾರದಂತೆ ಮೊಳಕಾಲ ಕೆಳಗೆ ಕಟ್ಟುವ ಪಟ್ಟಿ. ದಂಡಿನ ದೊರೆಗಳ ಕಾಲದಲ್ಲಿ ಇಲ್ಲಿಯ ದರ್ಜಿಗಳಿಗೆ ಚೆನ್ನಾಗಿ ಗೊತ್ತಿದ್ದ ವಸ್ತು. ಆ ಪಟ್ಟಿಯಂತೆ ಉದ್ದುದ್ದ ಗೆರೆಗಳಿರುವುದರಿಂದ ಈ ಉತ್ತರ ಅಮೆರಿಕದ ಸಣ್ಣ ಹಾವಿಗೆ ಆ ಹೆಸರು. ಮನುಷ್ಯನಿಗೆ ಅದರಿಂದ ಅಪಾಯವಿಲ್ಲ. ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದರ ದಾಯಾದಿಗಳು ನಮ್ಮಲ್ಲಿಯೂ ಇವೆ. ಬೆನ್ನಿನ ಮೇಲೆ ಎರಡು ಹಳದಿ ಪಟ್ಟೆಗಳನ್ನು ಎಳೆದುಕೊಂಡು ಮಳೆಗಾಲದಲ್ಲಿ ತೋಟದ ಹುಲ್ಲಿನ ನಡುವೆ ಹರಿದಾಡುವ ಸಾಧುವಾದ ಸಣ್ಣ ಹಾವೊಂದಿದೆಯಲ್ಲ, ಅದು ಅದೇ ಮನೆತನದ್ದು. ಸ್ವೀಡನ್ನಿನ ಲಿನೇಯಸ್ ಪಂಡಿತ ೧೭೫೮ರ ತನ್ನ ಒಂದೇ ಗ್ರಂಥದಲ್ಲಿ ಇವೆರಡಕ್ಕೂ ನಾಮಕರಣ ಮಾಡಿದ: ಅಮೆರಿಕದ್ದಕ್ಕೆ ಕಾಲುಪಟ್ಟಿಯ ಹೆಸರು, ನಮ್ಮದಕ್ಕೆ ರೋಮನ್ ಗೃಹಿಣಿಯರು ಉಡುತ್ತಿದ್ದ 'ಸ್ಟೋಲ' ಎಂಬ ನಿಲುವಂಗಿಯ ಹೆಸರು. ಉಡುಪಿನ ಮಟ್ಟಿಗೆ ನಮಗೇ ಹೆಚ್ಚು ಮರ್ಯಾದೆ ಸಂದಿತೆನ್ನಬೇಕು. ಹಲಸೂರಿನಂಥ ಕೆರೆಗಳ ದಡದಲ್ಲಿ ಕಾಣುವ ನೀರೊಳ್ಳೆಯೂ ಇದೇ ಬಳಗದ್ದು. ಅದರ ಶಾಸ್ತ್ರೀಯ ನಾಮದಲ್ಲಿರುವ 'ಪಿಸ್ಕೇಟರ್' ಎಂಬ ಮಾತಿಗೆ ಬೆಸ್ತ ಎಂದೇ ಅರ್ಥ.

ಕಾಡಿನಲ್ಲಿ ಗಾರ್ಟರ್ ಹಾವು ಏನು ತಿನ್ನುತ್ತದೆ? ಎರೆಹುಳು, ಕಪ್ಪೆ, ಗೊದಮೊಟ್ಟೆ, ಸಣ್ಣ ಮೀನು, ಜಿಗಣೆ, ಬಸವನಹುಳುವಿನ ಬಳಗದ ಚಿಪ್ಪಿಲ್ಲದ ಹುಳು, ಸಿಕ್ಕಿದರೆ ಇಲಿಯ ಮರಿ. ಮಳೆ ಬಂದಾಗ ಒಂದು, ಕೆರೆ ಬತ್ತಿದಾಗ ಇನ್ನೊಂದು. ಅದರ ಪಂಕ್ತಿಯನ್ನು ಬಡಿಸುವವರು ಋತುಗಳು. ಗಾಜಿನ ಪೆಟ್ಟಿಗೆಯಲ್ಲಿ ಬಡಿಸುವವನು ಯಜಮಾನ. ಯಜಮಾನನಿಗೆ ಅಂಗಡಿಯಲ್ಲಿ ಅಗ್ಗವಾಗಿ, ಕೈಗೆ ಹೇಸಿಗೆಯಾಗದಂತೆ ಸಿಕ್ಕುವುದು ಯಾವುದೋ ಅದೇ ಹಾವಿನ ಪಾಲಿನ ಪ್ರಪಂಚವಾಗುತ್ತದೆ.

ಒಂದೇ ಊಟ ಏನು ಮಾಡುತ್ತದೆಂಬ ಕಥೆಗೆ ನಾವು ಜಾವಾ ದ್ವೀಪಕ್ಕೆ ಹೋಗಬೇಕು. ಡಚ್ಚರ ಆಳ್ವಿಕೆಯ ಬಟೇವಿಯಾ ನಗರ. ಅಲ್ಲಿಯೂ ಒಂದು ದಂಡು, ದಂಡಿಗೊಂದು ಆಸ್ಪತ್ರೆ. ಸಿಪಾಯಿಗಳಿಗೆ ಬೆರಿಬೆರಿ ರೋಗ ಬಂದು ಕಾಲು ಸೋತು ಬೀಳುತ್ತಿದ್ದರು. ಅದರ ಕಾರಣ ಹುಡುಕಲು ಕೂತಿದ್ದ ಐಕ್ಮನ್ ಎಂಬ ವೈದ್ಯನ ಕೋಳಿಗಳಿಗೂ ೧೮೮೯ರಲ್ಲಿ ಕಾಲು ಬಿದ್ದುಹೋಯಿತು. ಕೆಲವು ತಿಂಗಳಾದ ಮೇಲೆ ತಾವಾಗಿಯೇ ಎದ್ದು ನಿಂತವು! ವಿಚಾರಿಸಿದಾಗ ತಿಳಿದದ್ದು ಇಷ್ಟು: ಕೋಳಿ ನೋಡಿಕೊಳ್ಳುವವನು ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ, ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದ. ಅಷ್ಟರಲ್ಲಿ ಹೊಸ ಅಡಿಗೆಯವನು ಬಂದ. ಮಿಲಿಟರಿ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡಲಾಗದೆಂದು ಕಾನೂನು ಹೂಡಿದ. ಕೋಳಿಗಳಿಗೆ ಹೊಟ್ಟು ತೆಗೆಯದ ಕಾಳೇ ಗತಿಯಾಯಿತು, ಅದರಿಂದಲೇ ಬದುಕಿದವು. ನಮ್ಮ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿ'ನ ಕಚೇರಿಗಳನ್ನು ಬಲ್ಲವರಿಗೆ ಆ ಅಡಿಗೆಯವನು ಅಪರಿಚಿತನೇನಲ್ಲ. ಆ ಕೋಳಿಗಳ ದೆಸೆಯಿಂದ ೧೯೨೯ರಲ್ಲಿ ಐಕ್ಮನ್ನನಿಗೆ ನೊಬೆಲ್ ಪಾರಿತೋಷಕ ಬಂತು.

ಅಕ್ಕಿಯ ತೌಡಿನಲ್ಲಿದ್ದ ಆ ಪದಾರ್ಥ ಥಯಾಮಿನ್, ಅಂದರೆ ಬಿ-೧ ಜೀವಸತ್ವ. ೧೯೨೬ರಲ್ಲಿ ಜಾವಾದಲ್ಲಿಯೇ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ೧೯೩೬ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದವನು ರಾಬರ್ಟ್ ವಿಲಿಯಮ್ಸ್ ಎಂಬ ಅಮೆರಿಕನ್. ಆದರೆ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ, ೧೮೮೬ರಲ್ಲಿ, ಪಾದ್ರಿಗಳ ಮನೆಯಲ್ಲಿ. ಇತ್ತ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯ ಪಾರಿವಾಳಗಳಿಗೂ ಇಲಿಗಳಿಗೂ ಬಗೆಬಗೆಯ ಊಟ ಹಾಕಿ ನೋಡುತ್ತಿದ್ದ. ಇಲಿಗಳ ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಬಂಗಾಳಿಯರದು, ಮತ್ತೊಂದಕ್ಕೆ ಅನ್ನವೇ ಪ್ರಧಾನವಾದ ಮದರಾಸಿನವರದು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಪೈಲ್ವಾನರಾದವು. ಮದರಾಸಿನ ಪಂಕ್ತಿಯಲ್ಲಿ ಕೂತವು ಸೊರಗಿದವು. ಕೂನೂರಿನ ಆ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಇಷ್ಟೆಲ್ಲ ಅನ್ನದ ಮಾತಾಯಿತು. ಮೀನಿನಲ್ಲೇನು ದೋಷ? ಅದಕ್ಕೆ ಉತ್ತರ ಸಿಕ್ಕಿದ್ದು, ಎಲ್ಲ ಬಿಟ್ಟು, ನಮ್ಮ ಹುಡುಗನಿರುವ ಮಿನ್ನೆಸೋಟದಲ್ಲಿಯೇ. ೧೯೩೨ರಲ್ಲಿ ಅಲ್ಲಿ ಚಾಸ್ಟೆಕ್ ಎಂಬಾತನ ಸಾಕಣೆಮನೆಯಲ್ಲಿ, ತುಪ್ಪುಳಿಗಾಗಿ ಸಾಕಿದ್ದ ನರಿಗಳು ಊಟ ಬಿಟ್ಟು, ನಡೆ ತಪ್ಪಿ, ಸೆಟೆದುಕೊಂಡು ಸಾಯತೊಡಗಿದವು. ಅವಕ್ಕೆ ಹಾಕುತ್ತಿದ್ದ ಆಹಾರದಲ್ಲಿ ಹಸಿಯ ಗೆಂಡೆಮೀನು ಸೇರಿತ್ತು. ವಿಶ್ವವಿದ್ಯಾಲಯದವರು ವರ್ಷಗಳ ಕಾಲ ಬೆನ್ನುಹತ್ತಿ ಕಂಡುಕೊಂಡದ್ದು: ಕೆಲವು ಮೀನುಗಳ ಮೈಯಲ್ಲಿ ಒಂದು ಕಿಣ್ವವಿದೆ, ಅದು ಥಯಾಮಿನ್ನನ್ನು ಮುರಿದುಹಾಕುತ್ತದೆ. ತನ್ನಲ್ಲಿರುವುದನ್ನು ಮಾತ್ರವಲ್ಲ, ಜೊತೆಗೆ ತಿಂದ ಬೇರೆ ಆಹಾರದಲ್ಲಿರುವುದನ್ನೂ ಕೂಡ. ಅದಕ್ಕೆ ಥಯಾಮಿನೇಸ್ ಎಂದು ಹೆಸರಾಯಿತು. ರೋಗಕ್ಕೆ ಪಾಪ, ಆ ರೈತನ ಹೆಸರೇ ಅಂಟಿಕೊಂಡಿತು. ನಮ್ಮ ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎಂದು ಕರೆದು ಕೆರೆಗಳಿಗೆ ಬಿಡುವ ಮೀನೂ, ಗಾಜಿನ ಬುಡ್ಡಿಯ ಚಿನ್ನದ ಮೀನೂ ಹತ್ತಿರದ ನೆಂಟರು. ಎರಡರಲ್ಲಿಯೂ ಆ ಕಿಣ್ವ ಉಂಟು.

ಏಳು ತಿಂಗಳು ಚಿನ್ನದ ಮೀನನ್ನೇ ತಿಂದ ಹಾವಿನ ಗತಿ ಏನಾಗಿರಬೇಕೆಂಬುದು ಈಗ ಓದುಗರಿಗೆ ತಿಳಿದಿರಬೇಕು. ಅದು ಜಾವಾದ ಕೋಳಿಯ ರೋಗ, ಮಿನ್ನೆಸೋಟದ ನರಿಯ ರೋಗ. ಕೆರೆಯ ನೀರೊಳ್ಳೆಗೆ ಅದು ಬರುವುದು ಅಪರೂಪ, ಏಕೆಂದರೆ ಅದಕ್ಕೆ ಈ ಹೊತ್ತು ಗೆಂಡೆಯ ಮರಿ ಸಿಕ್ಕರೆ ನಾಳೆ ಕಪ್ಪೆ ಸಿಕ್ಕೀತು. ಮೀನಿನ ಸಾರು ಉಣ್ಣುವ ಮನುಷ್ಯರಿಗೂ ಭಯವಿಲ್ಲ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಾವನ್ನು ಸಾಕುವವರು ಈ ಜಾತಿಯ ಮೀನನ್ನು ಕೊಡಲೇಬೇಕಾದರೆ ೮೦ ಡಿಗ್ರಿ ಶಾಖದ ನೀರಿನಲ್ಲಿ ಸುಮಾರು ೫ ನಿಮಿಷ ಇಟ್ಟು, ಆರಿಸಿ, ಮೇಲೆ ಜೀವಸತ್ವ ಸೇರಿಸಿ ಕೊಡುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಚಳಿಗೆ ಆ ಕಿಣ್ವ ಜಗ್ಗುವುದಿಲ್ಲ.

ಈ ಲೆಕ್ಕಾಚಾರವನ್ನು ತಲೆಯಲ್ಲಿಟ್ಟುಕೊಂಡು ನಾನು ಅಂದು ಮೀನಿನ ಸಾಲಿಗೆ ಕಾಲಿಟ್ಟೆ. ಹಲಗೆಗಳ ಮೇಲೆ ಮಂಗಳೂರಿನ ಕಡೆಯ ಬಂಗುಡೆ, ಬೂತಾಯಿ; ಇನ್ನೊಂದೆಡೆ ಕೆರೆಯ ಗೆಂಡೆ, ರೋಹು, ಜಿಲೇಬಿ; ಬಕೆಟ್ಟಿನಲ್ಲಿ ಇನ್ನೂ ಮಿಸುಕುತ್ತಿದ್ದ ಕೊರಮೀನು; ಒಂದು ಮೂಲೆಯಲ್ಲಿ ಸೀಗಡಿಯ ರಾಶಿ. ಉರ್ದು, ತಮಿಳು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಕೇಳಿಸುತ್ತಿದ್ದವು. ಇಷ್ಟು ಬಗೆಯ ಮೀನುಗಳಿವೆಯೆಂದು ಎಪ್ಪತ್ತು ದಾಟಿದ ಮೇಲೆ ನನಗೆ ತಿಳಿಯಿತು. ಒಬ್ಬಾಕೆ ಮುಳ್ಳನ್ನೆಲ್ಲ ತೆಗೆಸಿ ಬರಿಯ ತುಂಡುಗಳನ್ನು ಕಟ್ಟಿಸಿಕೊಳ್ಳುತ್ತಿದ್ದರು. ಅಡಿಗೆಗೆ ಅದು ಅನುಕೂಲವಿರಬಹುದು. ಹಾವಿಗೆ ಅದು ನಷ್ಟ. ಹಾವು ಬೇಟೆಯನ್ನು ಇಡಿಯಾಗಿ ನುಂಗುವ ಪ್ರಾಣಿ. ಅದರ ಸುಣ್ಣದಂಶವೆಲ್ಲ ಬರುವುದು ಆ ಮೂಳೆ ಮುಳ್ಳುಗಳಿಂದ, ಜೀವಸತ್ವ ಬರುವುದು ನಾವು ಎಸೆಯುವ ಪಿತ್ತಕೋಶದಿಂದ. ಶುಭ್ರವಾದ ತುಂಡನ್ನೇ ತಿಂದ ಹಾವಿನ ಎಲುಬು ಮೆತ್ತಗಾಗುತ್ತದೆ.

ಮೀನು ಬೇಡ, ಎರೆಹುಳು ಹಾಕೋಣವೆಂದರೆ ಅಲ್ಲಿಯೂ ಒಂದು ತೊಡಕುಂಟು. ತೋಟದ ಮಣ್ಣಿನ ದಪ್ಪ ಹುಳು ಗಾರ್ಟರ್ ಹಾವಿಗೆ ಪರಮಾನ್ನ. ಆದರೆ ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಕುವ ಐಸೀನಿಯ ಎಂಬ ಕೆಂಪುಹುಳುವಿನ ಮೈರಸದಲ್ಲಿ ವಿಷದಂಥ ಒಂದು ಪದಾರ್ಥವಿದೆ. ತಿಂದ ಹಾವು ವಾಂತಿ ಮಾಡಿಕೊಳ್ಳುತ್ತದೆ. ಗೊಬ್ಬರಕ್ಕೆ ಒಳ್ಳೆಯದೆಂದು ಅಂಗಡಿಯಲ್ಲಿ ಸಿಕ್ಕುವುದು ಹೆಚ್ಚಾಗಿ ಇದೇ. ಇನ್ನು ಇಲಿಮರಿ: ಮೂಳೆ, ಮಾಂಸ, ಪಿತ್ತಕೋಶ ಎಲ್ಲವೂ ಒಂದೇ ಪೊಟ್ಟಣದಲ್ಲಿರುವ ಪೂರ್ಣಾಹಾರ. ತೊಂದರೆಯೆಂದರೆ, ಮೀನಿನ ರುಚಿ ಹತ್ತಿದ ಹಾವು ಇಲಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಹಟಮಾರಿ ಹಾವಿಗೆ ಹೊಸ ಊಟ ಕಲಿಸುವುದು ಹೇಗೆ? ಇದರ ಹಿಂದೆ ಒಂದು ಸೊಗಸಾದ ಸಂಶೋಧನೆಯಿದೆ. ಗಾರ್ಡನ್ ಬರ್ಗ್‌ಹಾರ್ಟ್ ಎಂಬ ಅಮೆರಿಕದ ವಿದ್ವಾಂಸ, ಹುಟ್ಟಿದ ಮೇಲೆ ಇನ್ನೂ ಒಂದು ತುತ್ತನ್ನೂ ಕಾಣದ ಗಾರ್ಟರ್ ಮರಿಗಳ ಮೂತಿಯ ಮುಂದೆ, ಎರೆಹುಳು, ಮೀನು ಮುಂತಾದವುಗಳ ರಸದಲ್ಲಿ ಅದ್ದಿದ ಹತ್ತಿಯನ್ನು ಹಿಡಿದ. ಬರಿಯ ನೀರಿನ ಹತ್ತಿಯನ್ನು ಅವು ಲೆಕ್ಕಿಸಲಿಲ್ಲ. ಎರೆಹುಳುವಿನ ಹತ್ತಿಗೆ ನಾಲಗೆಯನ್ನು ಚಿಮ್ಮಿ ಚಿಮ್ಮಿ ಮೇಲೆಬಿದ್ದವು. ಯಾವ ಜಾತಿಯ ಹಾವು ಕಾಡಿನಲ್ಲಿ ಏನನ್ನು ತಿನ್ನುತ್ತದೋ ಅದರ ವಾಸನೆಗೆ ಆ ಜಾತಿಯ ಹಸುಗೂಸು ಎರಗುತ್ತಿತ್ತು. ೧೯೬೭ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮುಂದೆ ಸ್ಟೀವನ್ ಆರ್ನಾಲ್ಡ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ವಿಚಿತ್ರವನ್ನು ಕಂಡ: ಸಮುದ್ರತೀರದ ಗಾರ್ಟರ್ ಹಾವುಗಳು ಚಿಪ್ಪಿಲ್ಲದ ಬಸವನಹುಳುವನ್ನು ಚಪ್ಪರಿಸಿ ತಿಂದರೆ, ಅದೇ ಜಾತಿಯ ಒಳನಾಡಿನ ಹಾವುಗಳು ಅದನ್ನು ಮುಟ್ಟವು. ಕರಾವಳಿಯ ಮೀನಿನ ಗಸಿಗೂ ಬಯಲುಸೀಮೆಯ ಮುದ್ದೆ ಉಪ್ಸಾರಿಗೂ ನಡುವೆ ನಮ್ಮವರಲ್ಲಿ ಎಷ್ಟು ಅಂತರವಿದೆಯೋ ಹಾವುಗಳಲ್ಲಿಯೂ ಅಷ್ಟೇ.

ಹಾವಿನ ರುಚಿಯೆಲ್ಲ ವಾಸನೆಯಲ್ಲಿದೆ ಎಂಬುದು ಗೊತ್ತಾದ ಮೇಲೆ ಸಾಕುವವರ ದಾರಿ ಸುಗಮವಾಯಿತು. ಸತ್ತ ಇಲಿಮರಿಯನ್ನು ಮೀನಿಗೋ ಎರೆಹುಳುವಿಗೋ ಚೆನ್ನಾಗಿ ಉಜ್ಜಿ ಕೊಡುತ್ತಾರೆ. ಹಾವು ಮೀನೆಂದೇ ನಂಬಿ ನುಂಗುತ್ತದೆ. ಮುಂದಿನ ಸಲ ಉಜ್ಜುವುದು ಕೊಂಚ ಕಡಿಮೆ. ಕೆಲವು ಸಲವಾದ ಮೇಲೆ ಬರಿಯ ಇಲಿಯೇ ಸಾಕು. ಮಗು ಅನ್ನ ಬೇಡವೆಂದಾಗ ತುತ್ತಿನ ತುದಿಗೆ ಉಪ್ಪಿನಕಾಯಿ ತಾಕಿಸುವ ನಮ್ಮ ತಾಯಂದಿರು ಈ ಶಾಸ್ತ್ರವನ್ನು ಯಾವ ಪತ್ರಿಕೆಯಲ್ಲಿಯೂ ಓದಿದವರಲ್ಲ.

ಈ ಉಪಾಯಕ್ಕೆ ತುತ್ತಾದವರಲ್ಲಿ ನಮ್ಮ ಮಲೆನಾಡಿನ ದೊರೆಯ ಬಳಗವೂ ಉಂಟು. ಕಾಳಿಂಗಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು. ಅದರ ಶಾಸ್ತ್ರೀಯ ನಾಮದ ಮೊದಲ ಭಾಗಕ್ಕೆ ಹಾವುಭಕ್ಷಕ ಎಂದೇ ಅರ್ಥ. ೨೦೨೪ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿಯೆಂದು ವಿದ್ವಾಂಸರು ಗುರುತಿಸಿ, ಎರಡನೆಯ ಭಾಗಕ್ಕೆ 'ಕಾಳಿಂಗ' ಎಂಬ ನಮ್ಮ ಕನ್ನಡದ ಮಾತನ್ನೇ ಇಟ್ಟರು. ಪರದೇಶದ ಮೃಗಾಲಯಗಳಿಗೆ ಕಾಳಿಂಗ ಜಾತಿಯ ಹಾವುಗಳು ಹೋದಾಗ ವಾರವಾರವೂ ಅವಕ್ಕೆ ಹಾವು ಎಲ್ಲಿಂದ ತರುವುದು? ಇಲಿಗೆ ಹಾವಿನ ವಾಸನೆ ಹಿಡಿಸಿ ಕೊಡಲು ಕಲಿತರು. ಆಗುಂಬೆಯ ಕಾಡಿನಲ್ಲಿ ಕೇರೆಹಾವನ್ನು ಬೆನ್ನಟ್ಟಿ ನುಂಗಬೇಕಾದ ಜೀವ ಎಲ್ಲೋ ಗಾಜಿನ ಮನೆಯಲ್ಲಿ ಹಾವಿನ ಅತ್ತರು ಪೂಸಿದ ಇಲಿಯನ್ನು ತಿನ್ನುವುದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ನಗು ಅಲ್ಲಿಗೇ ನಿ‍ಂತೂ ಹೋಗುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮನೆಗಳಲ್ಲಿ ಅವಕಾಶವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಗರವನ್ನು, ಕೇರೆಯನ್ನು, ನೀರೊಳ್ಳೆಯನ್ನು ಹಿಡಿದು ಇಟ್ಟುಕೊಳ್ಳುವುದು ಅಪರಾಧ. ಹಾವಾಡಿಗರ ಬುಟ್ಟಿಯೂ ಮುಚ್ಚಿತು. ಮೃಗಾಲಯಗಳಿಗೂ ಪರವಾನಗಿ ಪಡೆದ ಸಂಸ್ಥೆಗಳಿಗೂ ಮಾತ್ರ ಹಾವಿಗೆ ಊಟ ಹಾಕುವ ಹೊಣೆ. ಬುಟ್ಟಿಯನ್ನೇ ನಂಬಿದ್ದ ಮಂದಿಯ ಹೊಟ್ಟೆಯ ಪ್ರಶ್ನೆ ಉಳಿಯಿತು. ಅದು ಬೇರೆಯ ಪ್ರಬಂಧದ ವಿಷಯ. ಹಾವಿನ ಮಟ್ಟಿಗೆ ಕಾಯ್ದೆ ಒಳ್ಳೆಯದನ್ನೇ ಮಾಡಿತೆಂಬುದು ನನ್ನ ಅಭಿಪ್ರಾಯ. ಹಾವನ್ನು ಸಾಕುವ ಷೋಕಿ ನನಗೆ ಎಂದೂ ರುಚಿಸಿಲ್ಲ. ಆದರೆ ಹನ್ನೆರಡು ವರ್ಷದ ಹುಡುಗ ಅಳುತ್ತಿರುವಾಗ ಆ ಮಾತನ್ನು ಹೇಳುವುದುಂಟೆ?

ಹಾವು ಉಳಿಯಿತು. ಅಲ್ಲಿಯ ಪಶುವೈದ್ಯರು ಊಟದ ವಿವರ ಕೇಳಿದೊಡನೆ ಬಿ-೧ರ ಸೂಜಿಮದ್ದು ಕೊಟ್ಟರಂತೆ. ಕೆಲವು ದಿನಗಳಲ್ಲಿ ಅದು ತಾನಾಗಿ ಹೊರಳಿತು. ತಲೆ ಮಾತ್ರ ಸ್ವಲ್ಪ ಒಂದು ಪಕ್ಕಕ್ಕೆ ವಾಲಿದಂತೆಯೇ ಉಳಿಯಿತೆಂದು ಹುಡುಗ ಹೇಳಿದ. ಅವನು ಈಗ ಒಂದು ಪುಸ್ತಕದಲ್ಲಿ ಹಾವಿನ ಊಟದ ಪಟ್ಟಿ ಬರೆದಿಡುತ್ತಾನೆ: ಒಂದು ವಾರ ತೋಟದ ಎರೆಹುಳು, ಇನ್ನೊಂದು ವಾರ ಆ ಕಿಣ್ವವಿಲ್ಲದ ಬೇರೆ ಜಾತಿಯ ಮೀನು ಇಡಿಯಾಗಿ, ಮತ್ತೊಂದು ವಾರ ಮೀನು ಉಜ್ಜಿದ ಇಲಿಮರಿ. ಇಲಿಮರಿಯನ್ನು ಮೂರು ಸಲ ಬಿಟ್ಟು ನಾಲ್ಕನೆಯ ಸಲ ತಿಂದಿತಂತೆ. ಆ ದಿನ ಅರ್ಧರಾತ್ರಿಯಲ್ಲಿ ನನಗೆ ಫೋನು ಬಂತು.

ಅಂದು ಮಾರುಕಟ್ಟೆಯಲ್ಲಿ ಅಷ್ಟು ಹೊತ್ತು ಹಲಗೆಯಿಂದ ಹಲಗೆಗೆ ನೋಡುತ್ತಾ, ಯಾವುದು ಗೆಂಡೆ, ಯಾವುದು ಅಲ್ಲ ಎಂದು ಕೇಳುತ್ತಾ ನಿಂತಿದ್ದ ನನ್ನನ್ನು ಕಂಡು ಮೀನು ಮಾರುವ ಯಜಮಾನರಿಗೆ ಬೇಸರವಾಗಿರಬೇಕು. "ಯಾರಿಗೆ ಬೇಕು ಸ್ವಾಮಿ? ಮನೆಯಲ್ಲಿ ಹುಷಾರಿಲ್ಲದವರು ಇದ್ದಾರಾ?" ಎಂದರು. ಇದ್ದಾರೆ ಎಂದೆ. "ಹಾಗಾದರೆ ಕೊರಮೀನು ತೊಗೊಂಡು ಹೋಗಿ" ಎಂದು ಬಕೆಟ್ಟಿಗೆ ಕೈಹಾಕಿದರು. ನಾನು ಕೈಮುಗಿದು, ಬಾಳೆಹಣ್ಣು ಕೊಂಡು ಮನೆಗೆ ಬಂದೆ.